ಪಂಚಾಯಿತಿ, ನಾಡ ಕಚೇರಿಯಲ್ಲಿ ಜನರ ಖಾಸಗಿ ಮಾಹಿತಿ: ಪಡೆಯುವಾಗ, ಪ್ರಕಟಿಸುವಾಗ, ಸೋರಿದಾಗ

ಹಳ್ಳಿ ಕಚೇರಿಗಳಲ್ಲಿ ಜನರ ಮಾಹಿತಿ ಸೋರಿಹೋಗುವುದು ಸರ್ವರ್‌ಗೆ ಯಾರೋ ಕನ್ನ ಹಾಕಿ ಅಲ್ಲ. ನೋಟಿಸ್ ಬೋರ್ಡು, ಜೆರಾಕ್ಸ್ ಯಂತ್ರದ ಪಕ್ಕದ ಬುಟ್ಟಿ, ಊರಿನ ವಾಟ್ಸಾಪ್ ಗ್ರೂಪು, ಹೆಚ್ಚಿನ ಸೋರಿಕೆ ಈ ಮೂರು ಕಡೆಯದ್ದೇ. ಕೊಡಗಿನ ಪಿಡಿಒಗಳು, ಗ್ರಾಮ ಆಡಳಿತ ಅಧಿಕಾರಿಗಳು, ಕಂಪ್ಯೂಟರ್ ಆಪರೇಟರ್‌ಗಳು ದಿನನಿತ್ಯ ಮಾಡಬಹುದಾದ್ದನ್ನು ಇಲ್ಲಿ ಬರೆದಿದೆ. ಅರ್ಜಿ ಹಿಡಿದು ಬರುವವರೂ ಓದಿಕೊಂಡರೆ ಕೇಳಬೇಕಾದ್ದನ್ನು ಕೇಳಬಹುದು.

ಮೊದಲು ಕಾನೂನು, ಚುಟುಕಾಗಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಭದ್ರತೆ, ಸೋರಿಕೆ ವರದಿಯಂಥ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ಸಹಾಯಧನ, ಪ್ರಮಾಣಪತ್ರ, ಪರವಾನಗಿ ಕೊಡುವಾಗ ಸರ್ಕಾರ ಪ್ರತಿ ಸಲ ಹೊಸದಾಗಿ ಒಪ್ಪಿಗೆ ಪಡೆಯಬೇಕಿಲ್ಲ ಎಂಬ ಸಡಿಲಿಕೆ ಈ ಕಾಯ್ದೆಯಲ್ಲಿದೆ. ಪಡೆದ ಮಾಹಿತಿಯನ್ನು ಕಾಯುವ ಹೊಣೆಗೆ ಮಾತ್ರ ಆ ಸಡಿಲಿಕೆ ಇಲ್ಲ. ಭದ್ರತಾ ಲೋಪಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಆ ಅಂಕಿಗೆ ಬೆಚ್ಚುವುದಕ್ಕಿಂತ ಈಗಾಗಲೇ ಜಾರಿಯಲ್ಲಿರುವ ಆಧಾರ್ ಕಾಯ್ದೆಯ 29(4)ನೇ ಕಲಮನ್ನು ನೆನಪಿಟ್ಟುಕೊಳ್ಳುವುದು ಮೇಲು: ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವಂತಿಲ್ಲ, ಪ್ರದರ್ಶಿಸುವಂತಿಲ್ಲ.

ಪಡೆಯುವಾಗ

'ಇರಲಿ, ಒಂದು ಜೆರಾಕ್ಸ್ ಕೊಡಿ' ಎನ್ನುವ ಅಭ್ಯಾಸವೇ ಅರ್ಧ ತೊಂದರೆಗೆ ಮೂಲ. ಆ ಪ್ರತಿಯನ್ನು ಯಾವ ನಿಯಮ ಕೇಳುತ್ತದೆ ಎಂದು ಹೇಳಲಾಗದಿದ್ದರೆ ಪಡೆಯಬೇಡಿ. ಗುರುತು ಖಚಿತಪಡಿಸುವುದಷ್ಟೇ ಉದ್ದೇಶವಾದರೆ ಆಧಾರ್ ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಅದರಲ್ಲಿ ಡಿಜಿಟಲ್ ಸಹಿ ಇರುವುದರಿಂದ ಜೆರಾಕ್ಸಿಗಿಂತ ನಂಬಿಕಸ್ಥ. ಜೆರಾಕ್ಸನ್ನು ಯಾರು ಬೇಕಾದರೂ ತಿದ್ದಬಹುದು. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತಂದವರನ್ನು 'ಪೂರ್ತಿ ನಂಬರ್ ಇರೋದು ತನ್ನಿ' ಎಂದು ಹಿಂದಕ್ಕೆ ಕಳಿಸಬೇಡಿ. ಹಣ ಜಮೆಗೆ ಪೂರ್ತಿ ಸಂಖ್ಯೆ ಬೇಕೇಬೇಕಾದಲ್ಲಿ ನೇರ ತಂತ್ರಾಂಶದಲ್ಲೇ ನಮೂದಿಸಿ, ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದಿಡಬೇಡಿ.

ಪ್ರತಿ ಇಟ್ಟುಕೊಳ್ಳಲೇಬೇಕಾದರೆ ಮೊದಲ 8 ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಎಳೆದು, ಅದನ್ನು ಮತ್ತೊಮ್ಮೆ ಜೆರಾಕ್ಸ್ ಮಾಡಿ, ಎರಡನೆಯದನ್ನು ಕಡತಕ್ಕೆ ಹಾಕಿ. ಮಾರ್ಕರ್ ಎಳೆದ ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದರೆ ಅಂಕಿಗಳು ಕಾಣುತ್ತವೆ, ಹಾಗಾಗಿ ಅದನ್ನು ಹರಿದುಹಾಕಿ. ಕಡತಕ್ಕೆ ಹೋಗುವ ಪ್ರತಿಯ ಮೇಲೆ ಅಡ್ಡಲಾಗಿ ಉದ್ದೇಶ, ದಿನಾಂಕ ಬರೆಸಿ ಸಹಿ ಹಾಕಿಸಿ. ಬೇರೆ ಕೆಲಸಕ್ಕೆ ಅದು ಒದಗುವುದಿಲ್ಲ.

ತೋಟದ ಕೆಲಸದವರ ಬೆರಳಚ್ಚು ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಐದಾರು ಸಲ ಹೆಬ್ಬೆರಳು ಒತ್ತಿಸಿಕೊಳ್ಳುವುದು ಪರಿಹಾರವಲ್ಲ: ಯಾವ ಒತ್ತು ಯಾವ ಕೆಲಸಕ್ಕೆ ಎಂದು ಅವರಿಗೆ ತಿಳಿಯುವುದೇ ಇಲ್ಲ. ತಂತ್ರಾಂಶದಲ್ಲಿ ಇದ್ದರೆ ಮುಖ ಅಥವಾ ಕಣ್ಣಿನ ಪಾಪೆಯ ದೃಢೀಕರಣ ಬಳಸಿ, ಇಲ್ಲವೇ ಒಟಿಪಿ. ಒಟಿಪಿ ಬಂದಾಗ ಅವರ ಫೋನ್ ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ಮೆಸೇಜನ್ನು ಅವರೇ ಓದಿ ಹೇಳಲಿ. ಅಸ್ಸಾಮಿನಿಂದ ಬಂದವರಿಗೆ ಕನ್ನಡ ಬಾರದಿದ್ದರೆ ಜೊತೆಯವರಿಂದ ಓದಿಸಿ, ಮೇಸ್ತ್ರಿಯಿಂದ ಬೇಡ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಎಲ್ಲರ ಆಧಾರ್ ಪ್ರತಿ ಒಬ್ಬನ ಕೈಯಲ್ಲೇ ಇದ್ದರೆ ಏನೇನು ಮಾಡಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಪಟ್ಟಿ ಪ್ರಕಟಿಸುವಾಗ

ಮಳೆಗಾಲ ಮುಗಿಯುತ್ತಲೇ ಮನೆ ಹಾನಿ ಪರಿಹಾರದ ಪಟ್ಟಿಗಳು ಬರುತ್ತವೆ. ಪಟ್ಟಿಯನ್ನೇ ಮುಚ್ಚಿಡುವುದು ಖಾಸಗಿತನ ಕಾಯುವುದಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಸಹಾಯಧನದ ಫಲಾನುಭವಿಗಳ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು, ಗ್ರಾಮಸಭೆಯೂ ನೋಡಬೇಕು. ಇರಬೇಕಾದ್ದು: ಅರ್ಜಿ ಸಂಖ್ಯೆ, ಹೆಸರು, ಗ್ರಾಮ, ಯೋಜನೆ, ಮಂಜೂರಾದ ಮೊತ್ತ. ತೆಗೆಯಬೇಕಾದ್ದು: ಆಧಾರ್, ಬ್ಯಾಂಕ್ ಖಾತೆ, ಮೊಬೈಲ್, ಪಡಿತರ ಚೀಟಿ ಸಂಖ್ಯೆ, ಕಾಯಿಲೆ ಅಥವಾ ಅಂಗವೈಕಲ್ಯದ ವಿವರ. ಒಂದೇ ಒಕ್ಕದಲ್ಲಿ (ಕೊಡವ ಮನೆತನ) ಒಂದೇ ಹೆಸರಿನವರು ಇಬ್ಬರಿದ್ದಾರೆ ಎಂದು ಆಧಾರ್ ಹಾಕುವವರಿದ್ದಾರೆ. ಅದಕ್ಕೆ ಅರ್ಜಿ ಸಂಖ್ಯೆ ಸಾಕು.

ಎಕ್ಸೆಲ್‌ನಲ್ಲಿ ಎಡವುವುದು ಇಲ್ಲಿ. ಕಾಲಂ 'ಹೈಡ್' ಮಾಡಿದರೆ ಅದು ಅಳಿಸಿಹೋಗುವುದಿಲ್ಲ, ಫೈಲ್ ಸಿಕ್ಕವರು ಒಂದು ಕ್ಲಿಕ್‌ನಲ್ಲಿ ತೆರೆಯುತ್ತಾರೆ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅಡಿಯ ಅಕ್ಷರಗಳು ಕಾಪಿ-ಪೇಸ್ಟಿಗೆ ಸಿಗಬಹುದು. ಸರಿಯಾದ ದಾರಿ: ಹೊಸ ಫೈಲ್ ತೆರೆಯಿರಿ, ಬೇಕಾದ ಕಾಲಂಗಳನ್ನಷ್ಟೇ 'ವ್ಯಾಲ್ಯೂಸ್' ಆಗಿ ಪೇಸ್ಟ್ ಮಾಡಿ, ಅದನ್ನು ಪಿಡಿಎಫ್ ಮಾಡಿ. ಫಲಾನುಭವಿ ತನ್ನ ಖಾತೆ ಸರಿಯಿದೆಯೇ ಎಂದು ನೋಡಿಕೊಳ್ಳಬೇಕಾದರೆ 'ರೈಟ್' ಸೂತ್ರದಿಂದ ಕೊನೆಯ 4 ಅಂಕಿ ತೆಗೆದು ಇನ್ನೊಂದು ಕಾಲಂಗೆ ಹಾಕಿ. ಅದಕ್ಕೂ ಮೊದಲು, ಅಂಕಿ ಹಾಕುವ ಮುನ್ನವೇ, ಖಾತೆ ಕಾಲಂ 'ಟೆಕ್ಸ್ಟ್' ಆಗಿರಬೇಕು. ಇಲ್ಲವಾದರೆ ಸಂಖ್ಯೆಯ ಆರಂಭದ ಸೊನ್ನೆಗಳು ಹಾರಿಹೋಗುತ್ತವೆ, 15 ಅಂಕಿ ದಾಟಿದರೆ ಉಳಿದವು ಸೊನ್ನೆಯಾಗುತ್ತವೆ. ಆಗ ಕೊನೆಯ ನಾಲ್ಕಂಕಿಯೇ ತಪ್ಪು.

ಕೆಲವು ಪಟ್ಟಿಗಳು ಬೋರ್ಡಿಗೂ ಬೇಡ, ಗ್ರೂಪಿಗೂ ಬೇಡ. ಎಚ್‌ಐವಿ ಸೋಂಕಿತರು, ಲೈಂಗಿಕ ದೌರ್ಜನ್ಯಕ್ಕೊಳಗಾದವರು, ಪೋಕ್ಸೊ ಪ್ರಕರಣದ ಮಕ್ಕಳ ಗುರುತು ಹೊರಗೆಡಹುವುದನ್ನು ಬೇರೆ ಬೇರೆ ಕಾನೂನುಗಳೇ ತಡೆದಿವೆ. ನಮ್ಮ ಜಿಲ್ಲೆಗೆ ಇನ್ನೊಂದು ಸೇರಿಸಬೇಕು: ಕೋವಿ ಇರುವ ಮನೆಗಳ ಪಟ್ಟಿ. ಇಲ್ಲಿ ಪರವಾನಗಿಯಿಂದ ವಿನಾಯಿತಿ ಕೊಡುವ ಪತ್ರದ ಮೇಲೆ ಕೋವಿ ಇಟ್ಟುಕೊಂಡ ಮನೆಗಳು ಬಹಳ, ಮನೆಗಳೋ ತೋಟದ ನಡುವೆ ಒಂಟಿ. ಆ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹೋದರೆ ಕಳ್ಳನಿಗೆ ಬೇಕಾದ ವಿಳಾಸಗಳೆಲ್ಲ ಒಂದೇ ಹಾಳೆಯಲ್ಲಿ ಸಿಗುತ್ತವೆ.

ಮಾಹಿತಿ ಹಕ್ಕಿನಲ್ಲಿ ಕೇಳಿದಾಗ

ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಕಡತಗಳಿಗೆ ಇಂಥ ಅರ್ಜಿ ಬರುವುದುಂಟು. ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ಕಡತದೊಳಗಿನ ಆಧಾರ್ ಪ್ರತಿ, ವಂಶವೃಕ್ಷದ ಜೊತೆಗಿರುವ ಮಕ್ಕಳ ಜನನ ದಾಖಲೆ ಹಾಗಲ್ಲ. ಮೂರನೆಯವರು ಗೋಪ್ಯವೆಂದು ಕೊಟ್ಟದ್ದನ್ನು ಬಿಡುಗಡೆ ಮಾಡುವ ಉದ್ದೇಶವಿದ್ದರೆ 11ನೇ ಕಲಮಿನ ಪ್ರಕಾರ ಅರ್ಜಿ ಬಂದ 5 ದಿನದೊಳಗೆ ಅವರಿಗೆ ನೋಟಿಸ್ ಕೊಡಬೇಕು. ಉತ್ತರಕ್ಕೆ ಅವರಿಗೆ 10 ದಿನ, ನಿಮ್ಮ ತೀರ್ಮಾನಕ್ಕೆ ಅರ್ಜಿ ಬಂದ ದಿನದಿಂದ 40 ದಿನ.

ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅವಕಾಶ ಕೊಡುವ 8(1)(ಜೆ) ಕಲಮು ಈಗ ಬದಲಾಗಿದೆ. ಹಿಂದೆ ಅದರೊಳಗೇ ಇದ್ದ ಸಾರ್ವಜನಿಕ ಹಿತದ ಮಾತು ಹೋಗಿ, ವೈಯಕ್ತಿಕ ಮಾಹಿತಿ ಎಂದಷ್ಟೇ ಉಳಿದಿದೆ. ಇದನ್ನೇ ಹಿಡಿದುಕೊಂಡು ಎಲ್ಲ ಅರ್ಜಿಗಳಿಗೂ 'ವೈಯಕ್ತಿಕ ಮಾಹಿತಿ, ತಿರಸ್ಕರಿಸಿದೆ' ಎಂದು ಶರಾ ಬರೆಯುವುದು ಸೋಮಾರಿತನ. 8(2)ನೇ ಕಲಮು ಹಾಗೇ ಇದೆ: ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು. 10ನೇ ಕಲಮಿನಂತೆ ಕೊಡಬಾರದ ಭಾಗವನ್ನಷ್ಟೇ ಮುಚ್ಚಿ ಉಳಿದದ್ದನ್ನು ಕೊಡಿ. ಗುತ್ತಿಗೆದಾರನ ಬಿಲ್ಲಿನಲ್ಲಿ ಮುಚ್ಚಬೇಕಾದ್ದು ಖಾತೆ ಸಂಖ್ಯೆ, ಮೊತ್ತವಲ್ಲ.

ಸೋರಿದಾಗ

ತಪ್ಪು ಪಟ್ಟಿ ಗ್ರೂಪಿಗೆ ಹೋಗಿದ್ದರೆ ಮೊದಲು ಸ್ಕ್ರೀನ್‌ಶಾಟ್ ತೆಗೆದು 'ಡಿಲೀಟ್ ಫಾರ್ ಎವ್ರಿವನ್' ಒತ್ತಿ. ಎಷ್ಟು ಹೊತ್ತಿಗೆ ಹೋಯಿತು, ಯಾರ ಯಾರ ಯಾವ ವಿವರ ಎಂದು ಬರೆದು ಮೇಲಧಿಕಾರಿಗೆ ಅಂದೇ ತಿಳಿಸಿ. ಲಾಗಿನ್ ಬೇರೆಯವರ ಕೈಗೆ ಸಿಕ್ಕಿದ್ದರೆ ಪಾಸ್‌ವರ್ಡ್ ಬದಲಿಸಿ, ಡಿಜಿಟಲ್ ಸಹಿಯ ಡೊಂಗಲ್ ರದ್ದು ಮಾಡಿಸಿ. ಕಂಪ್ಯೂಟರಿಗೇ ದಾಳಿಯಾಗಿದ್ದರೆ ಅರಿವಿಗೆ ಬಂದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿಯಾಗಬೇಕು, ಹಾಗಾಗಿ ಸೋಮವಾರ ನೋಡೋಣ ಎನ್ನುವಂತಿಲ್ಲ. ಹೊಸ ನಿಯಮ ಜಾರಿಗೆ ಬಂದ ಮೇಲೆ ದತ್ತಾಂಶ ಸಂರಕ್ಷಣಾ ಮಂಡಳಿಗೂ, ಮಾಹಿತಿ ಸೋರಿದ ಪ್ರತಿಯೊಬ್ಬರಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಯೊಳಗೆ ವಿವರವಾದ ವರದಿ ಕೊಡಬೇಕು. ಜನರಿಗೆ ಹೇಳಬೇಕಾದ್ದು ಇಷ್ಟು: ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ, ಗೊಂದಲವಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ, ಖಾತೆಯಿಂದ ಹಣ ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ.

ಹಳೆಯ ಅರ್ಜಿಗಳು ಮಳೆಗೆ ಬೂಸ್ಟು ಹಿಡಿಯುತ್ತವೆಂದು ರದ್ದಿಗೆ ಹಾಕುವ ಮುನ್ನ ಅವುಗಳ ಕಾಯ್ದಿಡುವ ಅವಧಿ ಮುಗಿದಿದೆಯೇ ನೋಡಿ. ಮುಗಿದವನ್ನು ಕಚೇರಿಯಲ್ಲೇ, ಒಬ್ಬರ ಎದುರು, ಉದ್ದಕ್ಕೂ ಅಡ್ಡಕ್ಕೂ ಹರಿದು ವಿಲೇವಾರಿ ವಹಿಯಲ್ಲಿ ಸಹಿ ಹಾಕಿಸಿ. ಹಾಳೆ ಇಡಿಯಾಗಿ ರದ್ದಿಯವನಿಗೆ ಹೋದರೆ ಅದು ಸಂತೆಯಲ್ಲಿ ಪೊಟ್ಟಣ ಕಟ್ಟುವ ಕಾಗದವಾಗುತ್ತದೆ.