ಬೋರ್ ನೀರಿಗೆ ಯಾವ ಫಿಲ್ಟರ್ ಹಾಕಿಸಬೇಕು?

ಫಿಲ್ಟರ್ ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆ ನೀರನ್ನು ಪರೀಕ್ಷೆ ಮಾಡಿಸಿ. ಚಿಂತಾಮಣಿ ಸುತ್ತಮುತ್ತ ನೆಂಟರು, ಅಕ್ಕಪಕ್ಕದವರು ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಎಷ್ಟೋ ಮನೆಗಳಲ್ಲಿ ಸಾವಿರಾರು ರೂಪಾಯಿ ಕೊಟ್ಟು ಫಿಲ್ಟರ್ ತಂದು ಗೋಡೆಗೆ ಹಾಕಿಸಿರುತ್ತಾರೆ. ಬೋರಿನಿಂದ ಬರುವ ನೀರಿನಲ್ಲಿ ಏನಿದೆ ಅಂತ ಕೇಳಿದರೆ ಮಾತ್ರ "ಉಪ್ಪು ಜಾಸ್ತಿ ಅಂತೆ" ಅನ್ನುತ್ತಾರೆ, ಅಷ್ಟೇ. ಕಾಯಿಲೆ ಏನು ಅಂತ ಗೊತ್ತಿಲ್ಲದೆ ಮಾತ್ರೆ ಕೊಂಡ ಹಾಗಾಯಿತು.

ಪರೀಕ್ಷೆ ದೊಡ್ಡ ಕೆಲಸವಲ್ಲ. ಗ್ರಾಮೀಣ ಕುಡಿಯುವ ನೀರು ಇಲಾಖೆಗೆ ಜಿಲ್ಲಾ ಮಟ್ಟದಲ್ಲಿ ಪ್ರಯೋಗಾಲಯ ಇದೆ. ಜಲಜೀವನ್ ಮಿಷನ್ ಬಂದ ಮೇಲೆ ಇಂಥ ಪ್ರಯೋಗಾಲಯಗಳಲ್ಲಿ ನಮ್ಮಂಥವರೂ ಕಡಿಮೆ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಹಳ್ಳಿಯವರಾದರೆ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯಾ ಅಂತ ಕೇಳಿ. ಮೋಟರು ಹಾಕಿ ಐದು ಹತ್ತು ನಿಮಿಷ ನೀರು ಹರಿಯಲು ಬಿಡಿ. ಒಂದು ಲೀಟರ್ ಪ್ಲಾಸ್ಟಿಕ್ ಬಾಟಲನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಆಮೇಲೆ ತುಂಬಿಸಿ. ರೋಗಾಣು ಪರೀಕ್ಷೆಗೆ ಮಾತ್ರ ಮನೆ ಬಾಟಲು ಆಗುವುದಿಲ್ಲ. ಅದಕ್ಕೆ ಪ್ರಯೋಗಾಲಯದವರೇ ಬೇರೆ ಬಾಟಲು ಕೊಡುತ್ತಾರೆ, ಕೇಳಿ ತನ್ನಿ. ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕೋಲಿಫಾರ್ಮ್ (ನೀರಿಗೆ ಹೊಲಸು ಸೇರಿದೆಯಾ ಅಂತ ತೋರಿಸುವ ಬ್ಯಾಕ್ಟೀರಿಯಾ), ಇಷ್ಟನ್ನು ನೋಡಿಕೊಡಿ ಅಂತ ಬರೆದು ಕೊಡಿ.

ಇವುಗಳಲ್ಲಿ ನಮ್ಮ ಕಡೆಯವರು ಮೊದಲು ನೋಡಬೇಕಾದದ್ದು ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ಬತ್ತಿತು, ಬಾವಿ ಬತ್ತಿತು, ಬೋರು ಸಾವಿರ ಅಡಿ ದಾಟಿತು. ಅಷ್ಟು ಆಳದ ನೀರು ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತು, ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಇರುತ್ತದಲ್ವಾ, ಎಷ್ಟು ಉಜ್ಜಿದರೂ ಹೋಗದ್ದು, ಅದು ಕೊಳೆಯಲ್ಲ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಫ್ಲೋರೈಡ್ ಜಾಸ್ತಿ ಸೇರಿದ್ದರ ಗುರುತು. ವರ್ಷಗಟ್ಟಲೆ ಅದೇ ನೀರು ಕುಡಿದರೆ ಮೂಳೆಗೂ ಇಳಿಯುತ್ತದೆ. ಮಂಡಿ, ಸೊಂಟ, ಕುತ್ತಿಗೆ ಹಿಡಿದುಕೊಳ್ಳುತ್ತದೆ. ಸರ್ಕಾರದ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದಾಗ 1.5 ತನಕ, ಅದಕ್ಕಿಂತ ಮೇಲೆ ಕೂಡದು.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ಸಿಹಿಯಾಗಿದೆ ಅಂತ ನಂಬಿ ಕೂರಬೇಡಿ. ಕಾಯಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. "ನಾವು ಕಾಯಿಸಿ ಆರಿಸಿಯೇ ಕುಡಿಯೋದು, ನಮಗೇನೂ ಆಗಲ್ಲ" ಅನ್ನುವ ಹಿರಿಯರು ಬಹಳ ಮಂದಿ ಇದ್ದಾರೆ. ಕಾಯಿಸುವುದು ರೋಗಾಣುವಿಗೆ ಮದ್ದು. ಫ್ಲೋರೈಡಿಗಲ್ಲ, ನೈಟ್ರೇಟಿಗೂ ಅಲ್ಲ.

ನೈಟ್ರೇಟ್ ಅಂದರೆ ಹೊಲದ ಗೊಬ್ಬರ, ತಿಪ್ಪೆ, ಶೌಚದ ಗುಂಡಿ, ಇವುಗಳಿಂದ ಇಳಿದು ಬರುವುದು. ಮಿತಿ ಲೀಟರಿಗೆ 45 ಮಿಲಿಗ್ರಾಂ. ಬಾಟಲಿ ಹಾಲು ಕುಡಿಯುವ ಎಳೆ ಕೂಸಿರುವ ಮನೆಯಲ್ಲಿ ಇದನ್ನು ಕಡ್ಡಾಯವಾಗಿ ನೋಡಿಸಿ. ಕೋಲಾರದ ಕಡೆ ಕೆಲವು ಬೋರುಗಳಲ್ಲಿ ಯುರೇನಿಯಂ ಕೂಡ ಸಿಕ್ಕಿದೆ. ಅದರ ಪರೀಕ್ಷೆ ಎಲ್ಲ ಕಡೆ ಆಗುವುದಿಲ್ಲ. ನಿಮ್ಮ ಊರಿನ ಹೆಸರು ಅಂಥ ಪಟ್ಟಿಯಲ್ಲಿ ಬಂದಿದ್ದರೆ ವಿಚಾರಿಸಿ.

ಇನ್ನು ಟಿಡಿಎಸ್. ನೀರಿನಲ್ಲಿ ಕರಗಿರುವ ಎಲ್ಲಾ ಲವಣಗಳ ಒಟ್ಟು ಮೊತ್ತ ಅದು. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 2000 ತನಕ ಒಪ್ಪಬಹುದು ಅನ್ನುವುದು ಮಾನದಂಡ. ಅಂಗಡಿಯವರು ಪೆನ್ನಿನಂಥ ಮೀಟರು ಅದ್ದಿ ತೋರಿಸುವುದು ಈ ಮೊತ್ತವನ್ನು ಮಾತ್ರ. ಯಾವ ಲವಣ ಎಷ್ಟು ಅನ್ನುವುದು ಅದಕ್ಕೆ ತಿಳಿಯದು. ಎರಡು ಬೋರಿನಲ್ಲೂ ಟಿಡಿಎಸ್ 600 ಇರಬಹುದು. ಒಂದರಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ, ಇನ್ನೊಂದರಲ್ಲಿ ಎರಡೂವರೆ ಇರಬಹುದು. ಮೀಟರಿಗೆ ಎರಡೂ ಒಂದೇ. ರೋಗಾಣುವಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆ ಬಾಗಿಲಿಗೆ ಬಂದು ಎರಡು ಲೋಟದಲ್ಲಿ ನೀರು ಇಟ್ಟು, ಕರೆಂಟಿನ ಕಡ್ಡಿಗಳನ್ನು ಅದ್ದಿ, "ನೋಡಿ ನಿಮ್ಮ ನೀರು ಹೇಗೆ ಕಪ್ಪಾಯ್ತು, ನಮ್ಮ ಫಿಲ್ಟರಿನ ನೀರು ಹೇಗೆ ತಿಳಿಯಾಗಿದೆ" ಅಂತ ತೋರಿಸುವವರು ಇದ್ದಾರೆ. ಆ ಕೊಳೆ ನಿಮ್ಮ ನೀರಿನದಲ್ಲ. ಕರೆಂಟು ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕು ಬಿಡುತ್ತದೆ. ಲವಣ ಇರುವ ನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ, ಆರ್‌ಓ (ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತೆಗೆಯುವ ಫಿಲ್ಟರ್) ನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ಹರಿಯುವುದಿಲ್ಲ. ಆರ್‌ಓ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ಕಡ್ಡಿ ಅದ್ದಲು ಹೇಳಿ, ಅದೂ ಬಣ್ಣ ತಿರುಗುತ್ತದೆ. ವಯಸ್ಸಾದವರು ಇದನ್ನು ನೋಡಿ ಹೆದರಿ ದುಡ್ಡು ಕೊಟ್ಟುಬಿಡುತ್ತಾರೆ. ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಮನೆಯ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿಡಿ.

ಈಗ ಡಬ್ಬದ ಮೇಲೆ ಬರೆದಿರುವ ಹೆಸರುಗಳಿಗೆ ಬರೋಣ. ಸೆಡಿಮೆಂಟ್ ಅಥವಾ ಸ್ಪನ್ ಫಿಲ್ಟರ್ ಮಣ್ಣು, ಮರಳು, ತುಕ್ಕು ಹಿಡಿಯುತ್ತದೆ. ಅದರ ಮೇಲೆ 5 ಮೈಕ್ರಾನ್ ಅಂತ ಇದ್ದರೆ ಅದಕ್ಕಿಂತ ದಪ್ಪದ ಕಣಗಳು ನಿಲ್ಲುತ್ತವೆ ಅಂತ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಾರ್ಬನ್ ಫಿಲ್ಟರ್ ಕ್ಲೋರಿನ್ ವಾಸನೆ, ಕೆಟ್ಟ ರುಚಿ ತೆಗೆಯುತ್ತದೆ. ಯುಎಫ್ ಅನ್ನುವುದು ಸುಮಾರು 0.01 ಮೈಕ್ರಾನಿನ ಜರಡಿ. ಬ್ಯಾಕ್ಟೀರಿಯಾ ಅದನ್ನು ದಾಟುವುದಿಲ್ಲ, ಕರೆಂಟೂ ಬೇಡ, ಟ್ಯಾಂಕಿನ ಒತ್ತಡವೇ ಸಾಕು. ಯುವಿ ಅನ್ನುವುದು ದೀಪದ ಬೆಳಕು. ರೋಗಾಣುವನ್ನು ಕೊಲ್ಲುತ್ತದೆ, ನೀರಿನಿಂದ ಏನನ್ನೂ ತೆಗೆಯುವುದಿಲ್ಲ. ನೀರು ಕದಡಿದ್ದರೆ ಆ ಬೆಳಕು ಒಳಗೆ ಮುಟ್ಟುವುದಿಲ್ಲ. ಕರೆಂಟು ಹೋದರೆ ಕೆಲಸ ನಿಂತಿತು. ದೀಪ ಉರಿಯುತ್ತಿದ್ದರೂ ವರ್ಷ ಕಳೆದ ಮೇಲೆ ಅದರ ಶಕ್ತಿ ಇಳಿಯುತ್ತದೆ, ಬದಲಾಯಿಸಬೇಕು.

ಗಮನಿಸಿ, ಇಲ್ಲಿಯ ತನಕ ಹೇಳಿದ ಯಾವುದೂ ಫ್ಲೋರೈಡಿಗೆ ಕೈ ಹಚ್ಚುವುದಿಲ್ಲ. ಅದು ಕರಗಿರುವ ಪದಾರ್ಥ. ಅದನ್ನು ತೆಗೆಯುವುದು ಆರ್‌ಓ. ಇಲ್ಲವೇ ಆಕ್ಟಿವೇಟೆಡ್ ಅಲ್ಯುಮಿನಾ ಅನ್ನುವ ಬಿಳಿ ಹರಳು ತುಂಬಿದ ಫಿಲ್ಟರ್. ಅಲ್ಯುಮಿನಾದಲ್ಲಿ ನೀರು ವ್ಯರ್ಥವಾಗುವುದಿಲ್ಲ, ಆದರೆ ಹರಳಿನ ಶಕ್ತಿ ಮುಗಿದಾಗ ಅದನ್ನು ಮತ್ತೆ ಸರಿಮಾಡಿ ಕೊಡುವವರು ಹತ್ತಿರದಲ್ಲಿ ಇರಬೇಕು. ಹಾಗಿಲ್ಲದಿದ್ದರೆ ಮನೆಗೆ ಆರ್‌ಓ ಸುಲಭ.

ವಾಟರ್ ಸಾಫ್ಟನರ್ ಬೇರೆ ವಿಷಯ. ಗಡಸು ನೀರಿಗೆ ಅದು. ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರಿನ ಒಳಗೆ ಬಿಳಿ ಹೆಕ್ಕಳಿಕೆ ಕಟ್ಟುತ್ತದೆ, ಇದಕ್ಕೆಲ್ಲಾ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾರಣ. ಸಾಫ್ಟನರ್ ಅವನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಸ್ನಾನಕ್ಕೆ, ವಾಷಿಂಗ್ ಮೆಷೀನಿಗೆ ಒಳ್ಳೆಯದು. ಟಿಡಿಎಸ್ ಇಳಿಸುವುದಿಲ್ಲ, ಫ್ಲೋರೈಡ್ ತೆಗೆಯುವುದಿಲ್ಲ. ಬಿಪಿ ಇರುವವರು ಆ ನೀರನ್ನು ಹಾಗೇ ಕುಡಿಯುವುದು ಬೇಡ.

ಹಾಗಾದರೆ ಯಾರಿಗೆ ಯಾವುದು? ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಚಿಕ್ಕಬಳ್ಳಾಪುರ ಪಟ್ಟಣಕ್ಕೆ ಜಕ್ಕಲಮಡುಗು ಜಲಾಶಯ ಇದೆ. ಹೀಗೆ ಕೆರೆ, ಜಲಾಶಯದ ನೀರು ನಲ್ಲಿಗೆ ಬರುವ ಮನೆಯವರು ವರದಿಯಲ್ಲಿ ಟಿಡಿಎಸ್ 500ರ ಒಳಗಿದ್ದು ಫ್ಲೋರೈಡ್, ನೈಟ್ರೇಟ್ ಸರಿಯಿದ್ದರೆ ಆರ್‌ಓ ಹಾಕಿಸಲೇಬೇಡಿ. ಕಾರ್ಬನ್, ಯುಎಫ್, ಯುವಿ ಇರುವುದು ಸಾಕು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆ ನಿಲ್ಲಿಸಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ 2019ರಲ್ಲಿ ಹೇಳಿತ್ತು. ಬೇಸಿಗೆಯಲ್ಲಿ ನಲ್ಲಿ ನಿಂತು ಟ್ಯಾಂಕರ್ ನೀರು ಸಂಪಿಗೆ ಬೀಳುವ ಮನೆಯಾದರೆ ಆ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ತೀರ್ಮಾನಿಸಿ.

ಬೋರು ನೀರಿನಲ್ಲಿ ಫ್ಲೋರೈಡ್ 1 ದಾಟಿದ್ದರೆ, ಅಥವಾ ನೈಟ್ರೇಟ್ 45 ದಾಟಿದ್ದರೆ ಆರ್‌ಓ ತೆಗೆದುಕೊಳ್ಳಿ, ಯೋಚನೆ ಬೇಡ. ಕೊಳ್ಳುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: "ಇದರಲ್ಲಿ ಟಿಡಿಎಸ್ ಕಂಟ್ರೋಲರ್ ಇದೆಯಾ?" ಬಹಳ ಫಿಲ್ಟರುಗಳಲ್ಲಿ ರುಚಿಗೆ ಅಂತ ಒಂದು ಸಣ್ಣ ವಾಲ್ವ್ ಇರುತ್ತದೆ. ಆರ್‌ಓ ಪೊರೆಗೆ ಹೋಗದ ನೀರನ್ನು ಸ್ವಲ್ಪ ತಂದು ಶುದ್ಧ ನೀರಿಗೆ ಬೆರೆಸುತ್ತದೆ. ಖನಿಜಾಂಶ ಉಳಿಯಲಿ ಅನ್ನುವುದು ಅದರ ಉದ್ದೇಶ. ಆದರೆ ಆ ದಾರಿಯಲ್ಲಿ ನಿಮ್ಮ ಬೋರಿನ ಫ್ಲೋರೈಡೂ ವಾಪಸ್ಸು ಲೋಟಕ್ಕೆ ಬಂತಲ್ವಾ? ಫ್ಲೋರೈಡ್ ಇರುವ ಮನೆಯಲ್ಲಿ ಆ ವಾಲ್ವನ್ನು ಪೂರ್ತಿ ಮುಚ್ಚಿಸಿ. ರುಚಿ ಬೇಕು ಅಂದರೆ ಕೊನೆಯಲ್ಲಿ ಖನಿಜ ಸೇರಿಸುವ ಕಾರ್ಟ್ರಿಜ್ ಇರುವುದನ್ನು ಕೇಳಿ, ಅದರಿಂದ ಈ ತೊಂದರೆ ಇಲ್ಲ. ತಾಮ್ರ, ಆಲ್ಕಲೈನ್ ಅಂತ ಹೇಳಿ ಎರಡು ಮೂರು ಸಾವಿರ ಜಾಸ್ತಿ ಕೇಳಿದರೆ ಕೊಡಬೇಡಿ. ಆ ದುಡ್ಡು ಮುಂದಿನ ಪೊರೆಗೆ ಆಗುತ್ತದೆ.

ಟಿಡಿಎಸ್ ಮೀಟರು ಉಪಯೋಗಕ್ಕೆ ಬರುವುದು ಇಲ್ಲಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮನೆಯಲ್ಲಿ ಇಟ್ಟುಕೊಳ್ಳಿ. ಒಳಗೆ ಹೋಗುವ ನೀರು 900 ಇದ್ದು ಹೊರಗೆ ಬರುವುದು 100ರ ಆಸುಪಾಸು ಇದ್ದರೆ ಪೊರೆ ಕೆಲಸ ಮಾಡುತ್ತಿದೆ. 250, 300 ತೋರಿಸಿದರೆ ವಾಲ್ವ್ ತೆರೆದಿದೆ, ಇಲ್ಲವೇ ಪೊರೆ ಸವೆದಿದೆ. ತಿಂಗಳಿಗೊಮ್ಮೆ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಸರ್ವೀಸಿನವರು "ಪೊರೆ ಹೋಗಿದೆ" ಅಂದಾಗ ಆ ಅಂಕಿ ನಿಮ್ಮ ಕೈಯಲ್ಲಿರಲಿ.

ಕುಡಿಯುವುದಕ್ಕೆ ಫಿಲ್ಟರ್ ನೀರು, ಅಡುಗೆಗೆ ಬೋರು ನೀರು ಅನ್ನುವ ರೂಢಿ ನಮ್ಮ ಕಡೆ ಬಹಳ. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವ ಮನೆಗಳಲ್ಲೂ ಹೀಗೇ. ಮುದ್ದೆಗೆ ಇಟ್ಟ ಎಸರು, ಅನ್ನ, ಸಾರು, ಕಾಫಿ, ಎಲ್ಲದರಲ್ಲೂ ಫ್ಲೋರೈಡ್ ಹೊಟ್ಟೆಗೇ ಹೋಗುತ್ತದೆ. ಅರ್ಧ ಕೆಲಸ ಮಾಡಿದ ಹಾಗೆ ಇದು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ ಸುಮಾರು 25 ಲೀಟರ್ ಬೇಕು. ಅಷ್ಟನ್ನೂ ಫಿಲ್ಟರಿನಿಂದಲೇ ತೆಗೆದುಕೊಳ್ಳಿ. ಮನೆಯಲ್ಲಿ ಸಣ್ಣ ಮಕ್ಕಳು, ಬಸುರಿ ಇದ್ದರೆ ಇದರಲ್ಲಿ ರಾಜಿ ಬೇಡ.

ಆರ್‌ಓದಲ್ಲಿ ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ತನಕ ಹೊರಗೆ ಹೋಗುತ್ತದೆ. ಬರದ ಜಿಲ್ಲೆಯಲ್ಲಿ ಅದನ್ನು ಮೋರಿಗೆ ಬಿಡಲು ಮನಸ್ಸಾದರೂ ಹೇಗೆ ಬರುತ್ತದೆ? ಪೈಪನ್ನು ಒಂದು ಡ್ರಮ್ಮಿಗೆ ಬಿಡಿ. ನೆಲ ಒರೆಸಲು, ಶೌಚಕ್ಕೆ, ಅಂಗಳ ತೊಳೆಯಲು ಬಳಸಿ. ಆದರೆ ಹಸು, ಎಮ್ಮೆಗೆ ಕುಡಿಸಬೇಡಿ. ಆ ನೀರಿನಲ್ಲಿ ಫ್ಲೋರೈಡ್ ಬೋರು ನೀರಿಗಿಂತಲೂ ಜಾಸ್ತಿ ಇರುತ್ತದೆ, ದನಗಳ ಹಲ್ಲು, ಮೂಳೆಗೂ ಅದು ಕೆಡುಕು.

ಜಾಗ, ಅನುಕೂಲ ಇರುವವರು ಮಳೆ ನೀರನ್ನು ಯೋಚಿಸಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. 100 ಚದರ ಮೀಟರ್ ತಾರಸಿಯಿಂದ ಐವತ್ತು ಸಾವಿರ ಲೀಟರಿಗಿಂತ ಜಾಸ್ತಿ ಹಿಡಿಯಬಹುದು. ಮೇಲೆ ಹೇಳಿದ 25 ಲೀಟರಿನ ಲೆಕ್ಕದಲ್ಲಿ ಮನೆಗೆ ವರ್ಷಕ್ಕೆ ಬೇಕಾದದ್ದು ಒಂಬತ್ತು ಸಾವಿರ ಚಿಲ್ಲರೆ. ಮಳೆ ನೀರಿನಲ್ಲಿ ಬಂಡೆಯ ಫ್ಲೋರೈಡ್ ಇಲ್ಲ, ಗಡಸೂ ಇಲ್ಲ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ತಾರಸಿ ಗುಡಿಸಿ, ಬೆಳಕು ಬೀಳದ ಮುಚ್ಚಿದ ಸಂಪಿನಲ್ಲಿ ಇಟ್ಟರೆ ಯುಎಫ್, ಯುವಿ ಇರುವ ಸಣ್ಣ ಫಿಲ್ಟರ್ ಸಾಕು. ಕಾಯಿಸಿದರೂ ಆಯಿತು. ಆಸ್ಬೆಸ್ಟಾಸ್ ಶೀಟಿನ ನೀರು ಮಾತ್ರ ಬೇಡ.

ಕೊಳ್ಳುವಾಗ ಬೆಲೆಯ ಜೊತೆಗೆ ಸ್ಪನ್, ಕಾರ್ಬನ್, ಪೊರೆ, ದೀಪ, ಒಂದೊಂದರ ಬೆಲೆ ಎಷ್ಟು, ನಿಮ್ಮ ಊರಿನಲ್ಲೇ ಸಿಗುತ್ತವಾ ಅಂತ ಬರೆಸಿಕೊಳ್ಳಿ. ಬೆಂಗಳೂರಿನಿಂದ ಬರಬೇಕು ಅಂದರೆ ಬೇರೆ ಕಂಪನಿ ನೋಡಿ. ಆರ್‌ಓ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ದಿನಗಟ್ಟಲೆ ಇಟ್ಟರೆ ಕೆಡುತ್ತದೆ. ಊರಿಗೆ ಹೋಗಿ ಬಂದರೆ ಡಬ್ಬದಲ್ಲಿ ನಿಂತದ್ದನ್ನು ಚೆಲ್ಲಿ ಹೊಸದಾಗಿ ತುಂಬಿಸಿ. ಬಿಂದಿಗೆಗೆ ಲೋಟ ಅದ್ದಬೇಡಿ, ನಲ್ಲಿ ಇರುವ ಪಾತ್ರೆ ಇಟ್ಟುಕೊಳ್ಳಿ. ಫಿಲ್ಟರ್ ಹಾಕಿಸಿ ಒಂದು ತಿಂಗಳಾದ ಮೇಲೆ ಅದರಿಂದ ಬರುವ ನೀರನ್ನೂ ಬಾಟಲಿಗೆ ಹಿಡಿದು ಅದೇ ಪ್ರಯೋಗಾಲಯಕ್ಕೆ ಕೊಡಿ, ಫ್ಲೋರೈಡ್ ಎಷ್ಟಕ್ಕೆ ಇಳಿದಿದೆ ಅಂತ ಬರೆಸಿಕೊಂಡು ಮೊದಲ ವರದಿಯ ಜೊತೆಗೇ ಇಡಿ.