ನಾಯಿ, ಬೆಕ್ಕು ಇರುವ ಮನೆಗೆ ನೆಲ ಹಾಕಿಸುವ ಮುಂಚೆ ಸಂದು ನೋಡಿ

ಮಗಳು ಮನೆ ಕಟ್ಟಿಸುತ್ತಿದ್ದಾಳೆ. ಮೊನ್ನೆ ಟೈಲ್ಸ್ ಅಂಗಡಿಯಿಂದಲೇ ಹತ್ತು ಫೋಟೋ ಕಳಿಸಿ, ಅಮ್ಮಾ ಯಾವುದು ಚೆನ್ನಾಗಿದೆ ಹೇಳು ಅಂದಳು. ಅವಳ ಮನೆಯಲ್ಲಿ ಒಂದು ನಾಯಿ, ಎರಡು ಬೆಕ್ಕು. ನಮ್ಮ ಮನೆಯಲ್ಲೂ ನಲವತ್ತು ವರ್ಷದಿಂದ ನಾಯಿ ಇಲ್ಲದ ದಿನ ಕಡಿಮೆ. ಹಾಗಾಗಿ ಬಣ್ಣದ ಮಾತು ಆಮೇಲೆ, ಮೊದಲು ಸಂದು ಎಷ್ಟು ಬರುತ್ತದೆ ಕೇಳು ಅಂದೆ.

ಉಚ್ಚೆ ವಾಸನೆ ಉಳಿಯುವುದು ಟೈಲ್ಸ್ ಮೇಲಲ್ಲ, ಎರಡು ಟೈಲ್ಸ್ ನಡುವಿನ ಸಂದಿನಲ್ಲಿ. ವಿಟ್ರಿಫೈಡ್ ಟೈಲ್ಸ್ ನೂರು ಗ್ರಾಂ ತೂಗಿದರೆ ಹೀರುವ ನೀರು ಅರ್ಧ ಗ್ರಾಂ ಕೂಡ ದಾಟುವುದಿಲ್ಲ. ಆದರೆ ಸಂದಿಗೆ ತುಂಬುವ ಬಿಳಿ ಸಿಮೆಂಟು ಸ್ಪಂಜಿನ ಹಾಗೆ ಕುಡಿಯುತ್ತದೆ. ಎಷ್ಟು ಒರೆಸಿದರೂ ಮಳೆಗಾಲದಲ್ಲಿ ತೇವಕ್ಕೆ ಮತ್ತೆ ವಾಸನೆ ಎದ್ದು ಬರುತ್ತದೆ. ನಾಯಿ ಅದೇ ವಾಸನೆ ಹಿಡಿದು ಅದೇ ಜಾಗಕ್ಕೆ ಮತ್ತೆ ಹೋಗುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಹತ್ತಡಿ ಹತ್ತಡಿ ಕೋಣೆಗೆ ಒಂದಡಿ ಟೈಲ್ಸ್ ಹಾಕಿದರೆ ಒಟ್ಟು 180 ಅಡಿ ಸಂದು ಬರುತ್ತದೆ. ಎರಡಡಿಯದು ಹಾಕಿದರೆ 80 ಅಡಿ. ನಾಲ್ಕಡಿ ಎರಡಡಿಯದಾದರೆ 60 ಅಡಿ ಸಾಕು. ಅದಕ್ಕೇ ದೊಡ್ಡ ಟೈಲ್ಸ್ ತಗೊಳ್ಳಿ ಅನ್ನುವುದು. ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ಗ್ರೌಟ್, ಅಂದರೆ ರಾಳದಿಂದ ಮಾಡಿದ ಸಂದು ತುಂಬುವ ಮಿಶ್ರಣ, ತುಂಬಿಸಿ. ದುಡ್ಡು ಜಾಸ್ತಿ ಆಗುತ್ತದೆ, ನಿಜ. ಆದರೆ ಅದು ನೀರು ಕುಡಿಯುವುದಿಲ್ಲ. ಕೆಲವು ಮೇಸ್ತ್ರಿಗಳು ಸಂದೇ ಬಿಡದೆ ಒತ್ತಿ ಒತ್ತಿ ಕೂರಿಸುತ್ತಾರೆ. ಹಾಗೆ ಮಾಡಿದರೆ ಗ್ರೌಟ್ ಒಳಗೆ ಇಳಿಯುವುದೇ ಇಲ್ಲ, ಉಚ್ಚೆ ಮಾತ್ರ ಇಳಿಯುತ್ತದೆ. ಟೈಲ್ಸ್ ನಡುವೆ ಸಂದು ಬಿಡಿಸುವ ಎರಡು ಮಿಲಿಮೀಟರ್ ಸ್ಪೇಸರ್ ತುಂಡು ಇಡಿಸಿ, ನೀವೇ ಮುಂದೆ ನಿಂತು ನೋಡಿ. ಎಪಾಕ್ಸಿ ಗಟ್ಟಿಯಾಗುವ ಮುಂಚೆಯೇ ಟೈಲ್ಸ್ ಮೇಲಿನದನ್ನು ಒರೆಸಿಸಬೇಕು. ಒಣಗಿದರೆ ಕಲೆ ಬಿಡಿಸುವುದು ಬಹಳ ಕಷ್ಟ.

ಇನ್ನು ಹೊಳಪು. ನಮ್ಮ ನಾಯಿ ಕರಿಯನಿಗೆ ಹದಿಮೂರು ವರ್ಷ ಆಗಿತ್ತು. ನಡುಮನೆಗೆ ಕನ್ನಡಿಯಂಥ ಟೈಲ್ಸ್ ಹಾಕಿಸಿದ್ದೆವು. ಒಂದು ದಿನ ಅವನು ಎದ್ದು ನಿಲ್ಲಲು ಹೋದಾಗ ಹಿಂಗಾಲು ಎರಡೂ ಎರಡು ಕಡೆ ಜಾರಿ, ಹೊಟ್ಟೆ ನೆಲಕ್ಕೆ ಬಡಿಯಿತು. ಅವತ್ತಿಂದ ನಡುಮನೆ ದಾಟಲು ಹೆದರುತ್ತಿದ್ದ. ಬಾಗಿಲ ಕಡೆ ನೋಡುತ್ತಾ ಚಾಪೆಯ ಮೇಲೆ ನಿಂತು ನಡುಗುತ್ತಿದ್ದ, ಕೊನೆಗೆ ಅಲ್ಲೇ ಉಚ್ಚೆ ಹೊಯ್ಯುತ್ತಿದ್ದ. ವಯಸ್ಸಾಯಿತು, ಹಿಡಿತ ತಪ್ಪಿದೆ ಅಂದುಕೊಂಡೆವು. ಬಾಗಿಲವರೆಗೆ ರಬ್ಬರ್ ತಳದ ಮ್ಯಾಟು ಹಾಸಿದ ಮರುದಿನವೇ ಅವನು ತಾನಾಗಿ ಅಂಗಳಕ್ಕೆ ಹೋದ. ಅಷ್ಟು ದಿನ ಸುಮ್ನೆ ಅವನನ್ನು ಗದರಿಸಿದ್ದೆನಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ.

ಹಾಗಾಗಿ ಮ್ಯಾಟ್ ಫಿನಿಶ್ ಇರುವುದೇ ತಗೊಳ್ಳಿ. ಅಂಗಡಿಯಲ್ಲಿ ಆರ್ 10 ಇದೆಯಾ ಅಂತ ಕೇಳಿ, ಅದು ಜಾರದಿರುವ ಗುಣದ ಅಳತೆ. ಒಂದು ತುಂಡು ಮನೆಗೆ ತಂದು ನೀರು ಚೆಲ್ಲಿ, ಬರಿಗಾಲಲ್ಲಿ ಉಜ್ಜಿ ನೋಡಿ. ಅದರ ಮೇಲೆ ಅರಿಶಿನದ ನೀರು ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಒರೆಸಿ ಕಲೆ ಉಳಿಯಿತಾ ನೋಡಿ. ತೀರಾ ತರಿತರಿ ಇರುವುದೂ ಬೇಡ, ಕೂದಲು ಕೊಳೆ ಹಿಡಿದುಕೊಳ್ಳುತ್ತದೆ.

ಮರದ ಹಾಗೆ ಕಾಣುವ ಲ್ಯಾಮಿನೇಟ್ ನಾಯಿ ಇರುವ ಮನೆಗೆ ಬೇಡವೇ ಬೇಡ. ಅದರ ಹೊಟ್ಟೆಯಲ್ಲಿರುವುದು ಒತ್ತಿದ ಮರದ ಪುಡಿ. ಒಮ್ಮೆ ನೀರು ಕುಡಿದು ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಎಸ್‌ಪಿಸಿ ಹಲಗೆ ಉಬ್ಬುವುದಿಲ್ಲ, ಅದು ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್. ಆದರೆ ಉಚ್ಚೆ ಒಣಗಲು ಬಿಟ್ಟರೆ ಸಂದಿನಿಂದ ಕೆಳಗೆ ಇಳಿದು ಅಡಿಯಲ್ಲೇ ಕೊಳೆಯುತ್ತದೆ, ಒರೆಸಲು ಕೈ ಹೋಗುವುದಿಲ್ಲ.

ಕಲ್ಲಿನ ವಿಷಯಕ್ಕೆ ಬಂದರೆ, ಗ್ರಾನೈಟ್ ಒಳ್ಳೆಯದು. ನಮ್ಮ ಸಾದರಹಳ್ಳಿ ಕಲ್ಲೂ ಗ್ರಾನೈಟೇ, ಅದಕ್ಕೆ ಹುಳಿಯ ಭಯವಿಲ್ಲ. ಮಾರ್ಬಲ್, ಶಹಾಬಾದ್, ಕಡಪಾ, ಕೋಟಾ ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ನಾಯಿ ವಾಂತಿ ಮಾಡಿದರೆ ಅದರ ಹುಳಿಗೆ ಹೊಳಪು ಸತ್ತು ಮಚ್ಚೆ ಉಳಿಯುತ್ತದೆ. ಯಾವ ಕಲ್ಲೋ ಗೊತ್ತಾಗದಿದ್ದರೆ ಒಂದು ತುಂಡಿನ ಮೇಲೆ ನಿಂಬೆರಸ ಹಾಕಿ ಸ್ವಲ್ಪ ಹೊತ್ತು ಬಿಡಿ, ಹೊಳಪು ಸತ್ತರೆ ಅದು ಸುಣ್ಣದ ಕಲ್ಲು. ಹಳೇ ಮನೆಯ ಕೆಂಪು ಕಾವಿ ನೆಲ ಇದ್ದವರು ಅದನ್ನು ಒಡೆಸಬೇಡಿ. ಸಂದೇ ಇಲ್ಲದ ನೆಲ ಅದು, ಅಲ್ವಾ? ಬಿರುಕಿದ್ದರೆ ಮುಚ್ಚಿಸಿ, ಹುಳಿ ಮತ್ತು ಆಸಿಡ್ ತಾಗಿಸಬೇಡಿ, ಅಷ್ಟೇ.

ಗಂಡು ನಾಯಿ ಕಾಲೆತ್ತುವುದು ಗೋಡೆ ಮೂಲೆಗೆ. ಗೋಡೆಯ ಬುಡಕ್ಕೆ ಮರದ ಪಟ್ಟಿ (ಸ್ಕರ್ಟಿಂಗ್) ಹಾಕಿಸಿದರೆ ಕೊಳೆಯುತ್ತದೆ. ನೆಲದ ಟೈಲ್ಸನ್ನೇ ನಾಲ್ಕಿಂಚು ಗೋಡೆಗೆ ಏರಿಸಿ, ನಾಯಿ ಮಲಗುವ ಕಡೆ ಎರಡಡಿ ಏರಿಸಿದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ ಒರೆಸುವ ಕ್ರಮ ತಪ್ಪಿದರೆ ಕಷ್ಟ. ಮೊದಲು ಹಳೇ ಬಟ್ಟೆ ಅಥವಾ ಪೇಪರ್ ಒತ್ತಿ ಹೀರಿಸಿ. ಉಜ್ಜಿದರೆ ಸಂದಿಗೆ ಹರಡುತ್ತದೆ. ಆಮೇಲೆ ನೀರು, ಆಮೇಲೆ ಉಚ್ಚೆಯ ಅಂಶವನ್ನು ಒಡೆಯುವ ಎನ್‌ಜೈಮ್ ಇರುವ ದ್ರಾವಣ. ಅದನ್ನು ಹಾಕಿದ ಕೂಡಲೇ ಒರೆಸಬೇಡಿ, ಕೆಲಸ ಮಾಡಲು ಹೊತ್ತು ಬೇಕು. ಬ್ಲೀಚಿಂಗ್ ಪೌಡರ್ ಉಚ್ಚೆಯ ಮೇಲೆ ಹಾಕಲೇಬೇಡಿ, ಎರಡೂ ಸೇರಿ ಎದೆ ಉರಿಸುವ ವಿಷದ ಗಾಳಿ ಏಳುತ್ತದೆ. ಬೆಕ್ಕಿದ್ದರೆ ಕಪ್ಪು ಫಿನಾಯಿಲ್ ಮನೆಗೇ ತರಬೇಡಿ. ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ಆ ವಿಷವನ್ನು ಅರಗಿಸುವ ಶಕ್ತಿ ಅದರ ಪಿತ್ತಜನಕಾಂಗಕ್ಕಿಲ್ಲ.

ಕೊನೆಗೆ, ಯುಟಿಲಿಟಿ ಮತ್ತು ಬಾಲ್ಕನಿಯ ಇಳಿಜಾರು. ಟೈಲ್ಸ್ ಗಟ್ಟಿಯಾಗಿ ಕೂತ ಮೇಲೆ, ಗ್ರೌಟ್ ತುಂಬುವ ಮುಂಚೆ, ಒಂದು ಚೆಂಬು ನೀರು ಚೆಲ್ಲಿ ನೋಡಿ. ಜಾಲರಿ ಕಡೆ ಹರಿದು ಹೋಗಬೇಕು. ಮೂಲೆಯಲ್ಲಿ ನಿಂತರೆ ಅಷ್ಟು ಜಾಗ ಎಬ್ಬಿಸಿ ಮತ್ತೆ ಹಾಕಿಸಿ, ಮೇಸ್ತ್ರಿ ಗೊಣಗಿದರೂ ಪರವಾಗಿಲ್ಲ. ಒಂದು ಪೆಟ್ಟಿಗೆ ಟೈಲ್ಸ್ ಮಿಗಿಸಿ ಅಟ್ಟದ ಮೇಲಿಡಿ. ಐದು ವರ್ಷ ಕಳೆದು ಹೋದರೆ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗುವುದು ಕಷ್ಟ.