ಎಲ್ ಬೋರ್ಡ್ ಕಾರಿನ ಎಡಸೀಟು

ಕಾರು ಕಲಿಸುವವರಿಗೆ ಎದುರಿನ ಲಾರಿಗಿಂತ ಪಕ್ಕದಲ್ಲಿ ಕೂತು ಕಲಿಯುವವರ ಬಲಗಾಲೇ ಹೆಚ್ಚು ಅಪಾಯ. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿಯುವುದು ಹೆಚ್ಚಾಗಿ ತಿರುವಿನಲ್ಲಿ, ರಿವರ್ಸ್‌ನಲ್ಲಿ, ಕಾರು ತೆವಳುತ್ತಿರುವಾಗ. ಹೊರಳಿ ಹಿಂದೆ ನೋಡಿದಾಗ ಮೈ ಜೊತೆ ಪಾದವೂ ಸರಿದಿರುತ್ತದೆ. ಕಾರು ನುಗ್ಗಿದಷ್ಟೂ, ತುಳಿದಿರುವುದು ಬ್ರೇಕೇ ಎಂದು ಇನ್ನೂ ಒತ್ತುತ್ತಾರೆ.

ಕಲಿಸಲು ನಾನು ಕೂರುವ ಎಡಸೀಟಿನ ಕಡೆ ಇರುವುದು ಕಲಿಯುವವರ ಪೆಡಲ್‌ಗಳಿಗೆ ಜೋಡಿಸಿದ ಕ್ಲಚ್, ಬ್ರೇಕ್ ಎರಡೇ. ಆ ಹೊತ್ತಿನಲ್ಲಿ ಎರಡನ್ನೂ ಒಟ್ಟಿಗೆ ಪೂರ್ತಿ ಒತ್ತುತ್ತೇನೆ. ಎಂಜಿನ್ ಎಷ್ಟೇ ಕೂಗಲಿ, ಕ್ಲಚ್ ಒತ್ತಿದ ಮೇಲೆ ಚಕ್ರಕ್ಕೆ ಬಲ ಹೋಗುವುದಿಲ್ಲ. ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯಬಾರದು, ಒಂದೇ ಒತ್ತು. ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದಾಗ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ (ನಿರ್ವಾತ) ಸಿಗುವುದಿಲ್ಲ. ಎರಡು ಮೂರು ಸಲ ತುಳಿದರೆ ಪೆಡಲ್ ಕಲ್ಲಾಗುತ್ತದೆ. ಗಾಬರಿಯಲ್ಲಿ ಕೀ ಆಫ್ ಮಾಡುವುದು ಇನ್ನೂ ಕೆಟ್ಟದ್ದು. ಪವರ್ ಸ್ಟೀರಿಂಗ್ ಹೋಗುತ್ತದೆ, ಕೀ ಕಿತ್ತರೆ ಸ್ಟೀರಿಂಗ್ ಲಾಕೇ ಆಗಬಹುದು.

ಹಾಗಾಗಿ ಬೆಳಿಗ್ಗೆ ಮೊದಲು ನನ್ನ ಪೆಡಲ್ ಒತ್ತಿ ಆ ಕಡೆಯದು ತಳಮುಟ್ಟ ಇಳಿಯುತ್ತದೆಯೇ ನೋಡುತ್ತೇನೆ. ಕೇಬಲ್ ಸಡಿಲಾಗಿದ್ದರೆ ಕ್ಲಚ್ ಅರ್ಧ ಮಾತ್ರ ಬಿಡುತ್ತದೆ. ನಿಂತಲ್ಲಿ ನೋಡಿದರೆ ಸಾಲದು, 10 ಕಿ.ಮೀ. ವೇಗದಲ್ಲಿ ಓಡಿಸಿ ಎಡಸೀಟಿನಿಂದಲೇ ಒಮ್ಮೆ ನಿಲ್ಲಿಸಿ ನೋಡಬೇಕು. ಕಾಲ ಬಳಿ ನೀರಿನ ಬಾಟಲಿ, ಜಾರುವ ಮ್ಯಾಟ್ ಇರಕೂಡದು. ಹವಾಯಿ ಚಪ್ಪಲಿ ಬಿಚ್ಚಿಸುತ್ತೇನೆ.

ದಾವಣಗೆರೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಂಥ ಕಡೆ ಹಿಂದಿನವರ ಹಾರ್ನ್‌ಗೂ ಸಿದ್ಧವಾಗಿರಬೇಕು. ಸಿಗ್ನಲ್ ಬಿಟ್ಟೊಡನೆ ಬಸ್ಸು ಹಾರ್ನ್ ಹೊಡೆಯುತ್ತದೆ, ಕಲಿಯುವವರ ಎಡಗಾಲು ಕ್ಲಚ್ಚಿನಿಂದ ಫಕ್ಕನೆ ಎದ್ದುಬಿಡುತ್ತದೆ, ಫಸ್ಟ್ ಗೇರಿನಲ್ಲಿದ್ದ ಕಾರು ಮುಂದೆ ಹಾರಿ ಆಫ್ ಆಗುತ್ತದೆ. ಮುಂದೆ ಬೈಕ್ ನಿಂತಿದ್ದರೆ ಗತಿಯೇನು? ಅದಕ್ಕೇ ಒಂದು ಕಾರಿನಷ್ಟು ಜಾಗ ಬಿಟ್ಟು ನಿಲ್ಲಿಸುತ್ತೇನೆ, ಕಾರು ಹೊರಡುವವರೆಗೆ ನನ್ನ ಕಾಲೂ ಕ್ಲಚ್ ಮೇಲಿರುತ್ತದೆ. ಎಡದಿಂದ ನುಗ್ಗುವ ಬೈಕುಗಳಿಗಾಗಿ ನನಗೇ ಬೇರೆ ಕನ್ನಡಿ ಇದೆ. ಕ್ಲಚ್ ಹಿಡಿತಕ್ಕೆ ಬರುವವರೆಗೆ ರೈಲ್ವೆ ಗೇಟ್ ಇರುವ ದಾರಿ ಬೇಡ.

ಸ್ಟೀರಿಂಗ್ ಕಿತ್ತುಕೊಳ್ಳಲು ಹೋಗಬೇಡಿ. ಹೆದರಿದವರು ಬಿಗಿಯಾಗಿ ಹಿಡಿದಿರುತ್ತಾರೆ, ಎಳೆದಾಟದಲ್ಲಿ ಕಾರು ಎತ್ತಲೋ ತಿರುಗುತ್ತದೆ. ಮೊದಲು ವೇಗ ಇಳಿಸಿ, ಆಮೇಲೆ ಸ್ಟೀರಿಂಗ್‌ನ ಕೆಳ ಎಡಭಾಗ ಹಿಡಿದು ಮೆಲ್ಲಗೆ ತಿದ್ದಿ.

ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ಮೆಕ್ಕೆಜೋಳ ಒಣಹಾಕಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಾಕಿದರೆ ಟೈರಿಗೆ ಹಿಡಿತ ಸಿಗದೆ ಜಾರುತ್ತದೆ. ಅಲ್ಲಿಗೆ ಮುಟ್ಟುವ ಮೊದಲೇ ನಿಧಾನ ಮಾಡಿಸುತ್ತೇನೆ. ರಾಶಿ ಎತ್ತಿದ ಮೇಲೂ ಅಂಚಿಗೆ ಇಟ್ಟ ಕಲ್ಲುಗಳು ಉಳಿದಿರುತ್ತವೆ. ಒಕ್ಕಣೆಗೆ ಹರಡಿದ ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರ್ ತಾಗಿ ಹೊತ್ತಿಕೊಳ್ಳಬಹುದು. ಅಂಥ ಕಡೆ ಕಾರು ತಿರುಗಿಸಿಕೊಂಡು ಬೇರೆ ದಾರಿ ಹಿಡಿಯುತ್ತೇನೆ.